ಭದ್ರೆಯ ನೀರಿನ ಲೆಕ್ಕದಲ್ಲಿ ಕಾಡನ್ನೂ ಬರೆದುಕೊಳ್ಳಿ

ಮಾನ್ಯ ಅರಣ್ಯ ಸಚಿವರಿಗೆ ಮತ್ತು ಮಾನ್ಯ ಜಲಸಂಪನ್ಮೂಲ ಸಚಿವರಿಗೆ,

ನಮಸ್ಕಾರ.

ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆದರೆ ಕಾಡಿನ ಮಾತು ಒಂದು ಟೇಬಲ್ಲಿಗೆ, ನೀರಿನ ಮಾತು ಇನ್ನೊಂದು ಟೇಬಲ್ಲಿಗೆ ಹೋಗುತ್ತದೆ. ನಾನು ಹೇಳಬೇಕಾದ್ದು ಎರಡೂ ಒಂದೇ ಅಂತ. ಅದಕ್ಕೇ ಪತ್ರವೂ ಒಂದೇ ಇರಲಿ ಅಂದುಕೊಂಡೆ.

ನಾನು ಭದ್ರಾ ಅಚ್ಚುಕಟ್ಟಿನ ಭತ್ತದ ರೈತ. ದಾವಣಗೆರೆ ಜಿಲ್ಲೆ, ಹರಿಹರ ತಾಲ್ಲೂಕು, ನಾಲೆಯ ಕೊನೆ ಭಾಗ. ಕೊನೆ ಭಾಗ ಅಂದರೆ ಏನು ಅಂತ ಜಲಸಂಪನ್ಮೂಲ ಸಚಿವರಿಗೆ ಬಿಡಿಸಿ ಹೇಳಬೇಕಿಲ್ಲ. ಅರಣ್ಯ ಸಚಿವರಿಗೆ ಹೇಳುತ್ತೇನೆ. ಡ್ಯಾಮಿನಿಂದ ನಾಲೆಗೆ ನೀರು ಬಿಟ್ಟ ಸುದ್ದಿ ನಮ್ಮ ಊರಿಗೆ ಪೇಪರಿನಲ್ಲಿ ಮೊದಲು ಬರುತ್ತದೆ. ನೀರು ಆಮೇಲೆ ಬರುತ್ತದೆ. ಒಮ್ಮೊಮ್ಮೆ ಸುದ್ದಿ ಮಾತ್ರ ಬರುತ್ತದೆ.

ನಮ್ಮ ಕಡೆ ಒಂದು ವಿಚಿತ್ರ ಅಭ್ಯಾಸ ಇದೆ. ಮಳೆಗಾಲದಲ್ಲಿ ಕಳಸ–ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮುಳುಗಿತು ಅಂತ ಟಿವಿಯಲ್ಲಿ ಬಂದರೆ ನಾವು ಇಲ್ಲಿ ಖುಷಿಪಡುತ್ತೇವೆ. ಅಲ್ಲಿನ ಜನ ಹೊಳೆ ದಾಟಲಾಗದೆ ಪರದಾಡುತ್ತಿರುತ್ತಾರೆ. ಇಲ್ಲಿ ಚಹಾದಂಗಡಿಯಲ್ಲಿ ಕೂತವರು ‘ಇನ್ನೂ ನಾಲ್ಕು ದಿನ ಹಿಂಗೇ ಹೊಡೀಲಿ’ ಅನ್ನುತ್ತಿರುತ್ತಾರೆ. ನಮ್ಮ ಅಕ್ಕನನ್ನು ಕೊಟ್ಟಿರುವುದು ಕಳಸದ ಕಡೆಗೇ. ಹಾಗಾಗಿ ಖುಷಿಪಟ್ಟ ಮೇಲೆ ಅವಳಿಗೆ ಒಂದು ಫೋನ್ ಮಾಡುತ್ತೇನೆ. ‘ಸೇತುವೆ ಮುಳುಗಿದಾಗ ಮಾತ್ರ ನಿಂಗೆ ಅಕ್ಕ ನೆನಪಾಗೋದು’ ಅಂತ ಬೈಸಿಕೊಳ್ಳುತ್ತೇನೆ.

ಬೈಸಿಕೊಳ್ಳಬೇಕಾದ್ದೇ. ಭದ್ರಾ ಡ್ಯಾಂ ತುಂಬಿದರೆ 186 ಅಡಿ, 71.5 ಟಿಎಂಸಿ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಇವತ್ತು ಎಷ್ಟು ಅಡಿ, ಒಳಹರಿವು ಎಷ್ಟು, ಹೋದ ವರ್ಷ ಇದೇ ದಿನ ಎಷ್ಟಿತ್ತು ಅಂತ ಸ್ಕೂಲಿಗೆ ಹೋಗುವ ಹುಡುಗನೂ ಹೇಳುತ್ತಾನೆ. ಆದರೆ ಆ ನೀರು ಎಲ್ಲಿಂದ ಬಂತು ಅಂತ ಕೇಳಿದರೆ ‘ಮಲೆನಾಡಿನಿಂದ’ ಅನ್ನುತ್ತೇವೆ. ಅಲ್ಲಿಗೆ ಮುಗಿಯಿತು. ನಾನೂ ಐವತ್ತು ವರ್ಷ ಅಷ್ಟೇ ಹೇಳಿಕೊಂಡು ಬಂದವನು.

2023 ನನ್ನನ್ನು ಕೆಡಿಸಿತು. ಆ ವರ್ಷದ ಆಗಸ್ಟ್‌ನಲ್ಲಿ ದೇಶದಲ್ಲಿ ಬಿದ್ದಷ್ಟು ಕಡಿಮೆ ಮಳೆ 1901ರಿಂದೀಚೆಗೆ ಯಾವ ಆಗಸ್ಟ್‌ನಲ್ಲೂ ಬಿದ್ದಿರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಡ್ಯಾಂ ತುಂಬಲಿಲ್ಲ. ನಾಲೆಗೆ ಒಂದಷ್ಟು ದಿನ ನೀರು ಬಿಡುವುದು, ಒಂದಷ್ಟು ದಿನ ನಿಲ್ಲಿಸುವುದು ಅಂತ ಆಯಿತು. ಅದಕ್ಕೆ ‘ಆನ್ ಅಂಡ್ ಆಫ್’ ಅಂತ ಹೆಸರು. ಕೊನೆ ಭಾಗದವರಿಗೆ ಆನ್ ಆಗಿದ್ದೇ ಗೊತ್ತಾಗುವುದಿಲ್ಲ, ಆಫ್ ಮಾತ್ರ ಗೊತ್ತಾಗುತ್ತದೆ. ನಿರಂತರ ನೀರು ಕೊಡಿ ಅಂತ ದಾವಣಗೆರೆ ಬಂದ್ ಮಾಡಿದೆವು. ನನ್ನ ಮೂರು ಎಕರೆಯಲ್ಲಿ ಒಂದೂವರೆ ಎಕರೆ ತೆನೆ ಕಟ್ಟುವ ಹೊತ್ತಿಗೆ ಒಣಗಿತು. ಅದಕ್ಕೆ ಯಾರನ್ನೂ ದೂರುವುದಿಲ್ಲ. ಇಲ್ಲದ ನೀರನ್ನು ಯಾರು ತಾನೇ ಬಿಡಲಾದೀತು?

ಮರುವರ್ಷ ಏನಾಯಿತು ನೋಡಿ. 2024ರ ಜುಲೈನಲ್ಲಿ ಮಲೆನಾಡಿಗೆ ಮಳೆ ಹಿಡಿದುಕೊಂಡಿತು. ನೋಡನೋಡುತ್ತಾ ಡ್ಯಾಂ ತುಂಬುತ್ತಾ ಬಂತು. ಗೇಟು ಎತ್ತಿ ಹೊಳೆಗೆ ನೀರು ಬಿಟ್ಟರು. ಒಂದು ವರ್ಷ ಬಾಯಿ ಒಣಗಿ, ಮರುವರ್ಷ ಗಂಟಲವರೆಗೆ ನೀರು. ಮೊದಲೂ ಬರ ಇತ್ತು, ಮೊದಲೂ ನೆರೆ ಇತ್ತು, ಸುಳ್ಳಲ್ಲ. ಆದರೆ ಈಗ ಮಳೆ ಬೀಳುವ ಕ್ರಮವೇ ತಪ್ಪಿದೆ. ಜೂನ್ ಕೈಕೊಡುತ್ತದೆ. ಆಮೇಲೆ ಒಂದು ತಿಂಗಳ ಮಳೆ ಹತ್ತು ದಿನಕ್ಕೆ ಸುರಿಯುತ್ತದೆ. ಆಮೇಲೆ ಮತ್ತೆ ಬಿಸಿಲು.

ಇಲ್ಲೊಂದು ಸಣ್ಣ ಲೆಕ್ಕ ಇದೆ. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. 11,574 ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಒಳಹರಿವು 50,000 ಕ್ಯುಸೆಕ್ ಇದ್ದರೆ ದಿನಕ್ಕೆ ನಾಲ್ಕು ಟಿಎಂಸಿಗಿಂತ ಜಾಸ್ತಿ. ಡ್ಯಾಂ ತುಂಬುವುದಕ್ಕೆ ಬಂದಾಗ ಹೀಗೆ ನಾಲ್ಕು ದಿನ ಬಂದರೆ ಗೇಟು ಎತ್ತದೆ ವಿಧಿಯಿಲ್ಲ. ಆ ನೀರು ನಮ್ಮ ಪಕ್ಕದಲ್ಲೇ ಹೊಳೆಯಾಗಿ ಹರಿದು ಹೋಗುತ್ತದೆ. ನಾವು ದಂಡೆಯಲ್ಲಿ ನಿಂತು ಫೋಟೋ ತೆಗೆಯುತ್ತೇವೆ. ಅದೇ ನೀರು ಅಕ್ಟೋಬರ್, ನವೆಂಬರ್‌ವರೆಗೆ ಸ್ವಲ್ಪ ಸ್ವಲ್ಪವಾಗಿ ಬಂದಿದ್ದರೆ? ಒಂದು ಕಡೆ ನಾಲೆಗೆ ಹೋಗುತ್ತಿರುತ್ತದೆ, ಇನ್ನೊಂದು ಕಡೆ ಡ್ಯಾಮಿಗೆ ಬರುತ್ತಿರುತ್ತದೆ. ಬೇಸಿಗೆ ಬೆಳೆಗೆ ಉಳಿಯುತ್ತದೆ. ಬೀಳುವ ಮಳೆ ಅಷ್ಟೇ ಇದ್ದರೂ ಅದು ಡ್ಯಾಮಿಗೆ ಎಷ್ಟು ನಿಧಾನ ಬರುತ್ತದೆ ಅನ್ನುವುದರ ಮೇಲೆ ನಮ್ಮ ಎರಡನೇ ಬೆಳೆ ನಿಂತಿದೆ.

ಆ ನಿಧಾನವನ್ನು ಯಾರು ಮಾಡಿಕೊಡುತ್ತಾರೆ ಅಂತ ನಾನು ಕಣ್ಣಾರೆ ನೋಡಿದ್ದು ಆ ಮಳೆಗೂ ಮೊದಲು, 2024ರ ಜನವರಿ ಕೊನೆಯಲ್ಲಿ. ಬೆಳೆ ಕಳೆದುಕೊಂಡ ಬೇಜಾರಿನಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಭಾವ ಎರಡು ದಿನ ನನ್ನ ಮುಖ ನೋಡಿ, ಮೂರನೇ ದಿನ ‘ಮನೇಲಿ ಕೂತು ಏನು ಮಾಡ್ತೀರಿ, ಗುಡ್ಡ ಹತ್ತೋಣ ಬನ್ನಿ’ ಅಂದರು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಟ್ರೆಕ್ಕಿಂಗ್ ದಾರಿ. ದುಡ್ಡು ಕಟ್ಟಿ, ಚೀಟಿ ತೆಗೆಸಿಕೊಂಡೇ ಹೋದೆವು. ಅರಣ್ಯ ಸಚಿವರು ಗಾಬರಿಯಾಗಬೇಕಿಲ್ಲ.

ಹುಲ್ಲುಗುಡ್ಡ ಹತ್ತುವಾಗ ಬೆವರು ಕಿತ್ತುಕೊಂಡು ಬರುತ್ತಿತ್ತು. ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿತ್ತು. ಎರಡು ಗುಡ್ಡ ಸೇರುವ ಮಡಿಕೆಗಳಲ್ಲಿ ಮಾತ್ರ ಕಪ್ಪಗೆ, ಒತ್ತಾಗಿ, ಕುರಿ ತುಪ್ಪಳ ಹಾಸಿದ ಹಾಗೆ ಕಾಡು. ಅದಕ್ಕೆ ಶೋಲಾ ಅನ್ನುತ್ತಾರೆ. ಒಳಗೆ ಕಾಲಿಟ್ಟ ತಕ್ಷಣ ತಂಪು. ನಮ್ಮ ಜೊತೆ ಬಂದ ಹುಡುಗ ಬೇಸಿಗೆಯಲ್ಲಿ ಬೆಂಕಿ ಕಾಯುವ ಕೆಲಸಕ್ಕೆ ಹೋಗುವವನು. ಅವನು ಕಾಲಿನಿಂದ ತರಗೆಲೆ ಸರಿಸಿ ತೋರಿಸಿದ. ಕೆಳಗೆ ಕಪ್ಪು ಮಣ್ಣು. ಹಿಡಿಯಲ್ಲಿ ತೆಗೆದುಕೊಂಡೆ. ಡಿಕಾಕ್ಷನ್ ಇಳಿದ ಮೇಲೆ ಫಿಲ್ಟರಿನಲ್ಲಿ ಉಳಿಯುತ್ತದಲ್ಲ ಗಷ್ಟು, ಥೇಟ್ ಹಾಗೇ ಇತ್ತು. ಹಗುರ, ಒದ್ದೆ.

‘ನೀರು ಹೊಯ್ದು ನೋಡಿ’ ಅಂದ ಹುಡುಗ. ಬಾಟಲಿಯಲ್ಲಿದ್ದ ಅರ್ಧ ಲೀಟರ್ ನೀರನ್ನು ಒಂದೇ ಕಡೆ ಸುರಿದೆ. ಹರಿಯಲಿಲ್ಲ. ನಿಲ್ಲಲೂ ಇಲ್ಲ. ಅಲ್ಲೇ ಇಂಗಿಹೋಯಿತು, ಸುರಿದಿದ್ದೇ ಸುಳ್ಳು ಅನ್ನುವ ಹಾಗೆ. ಆಮೇಲೆ ಕೆಳಗಿಳಿದು ಬಂದಾಗ ಜೀಪು ಓಡಾಡಿ ಗಟ್ಟಿಯಾದ ಮಣ್ಣಿನ ದಾರಿಯಲ್ಲಿ ಇನ್ನೊಂದು ಬಾಟಲಿ ಸುರಿಸಿದ. ಅದು ಕೆಂಪು ಗೆರೆಯಾಗಿ ಸರಸರ ಇಳಿದು ಚರಂಡಿ ಸೇರಿತು. ಎರಡು ಬಾಟಲಿ ನೀರು, ಅಷ್ಟೇ. ಐವತ್ತು ವರ್ಷ ಭದ್ರೆಯ ನೀರು ಉಂಡವನಿಗೆ ಆ ಹೊಳೆ ಹೇಗೆ ನಡೆಯುತ್ತದೆ ಅಂತ ಅವತ್ತು ತಲೆಗೆ ಹೋಯಿತು.

ಆ ಶೋಲಾದ ಬುಡದಲ್ಲಿ ಒಂದು ಝರಿ ಹರಿಯುತ್ತಿತ್ತು. ಮೊಣಕಾಲಿಗಿಂತ ಕಡಿಮೆ ನೀರು, ತಳದ ಕಲ್ಲು ಎಣಿಸಬಹುದು, ಅಷ್ಟು ತಿಳಿ. ಬರಗಾಲದ ವರ್ಷ, ಮಳೆ ನಿಂತು ತಿಂಗಳುಗಳೇ ಆಗಿವೆ, ನನ್ನ ಗದ್ದೆ ಬಿರುಕು ಬಿಟ್ಟಿದೆ, ಇಲ್ಲಿ ನೀರು ಹರಿಯುತ್ತಿದೆ! ಭಾವ ನಕ್ಕರು. ‘ಫಿಲ್ಟರಿಗೆ ಒಂದು ಚೊಂಬು ನೀರು ಸುರಿದರೆ ಡಿಕಾಕ್ಷನ್ ಒಂದೇ ಸಲ ಧುಮುಕುತ್ತಾ? ಹನಿ ಹನಿ ಇಳಿಯೋದಲ್ವಾ? ಗಷ್ಟು ಚೆನ್ನಾಗಿದ್ದರೆ ಹಾಗೆ. ಗಷ್ಟು ಕೆಟ್ಟರೆ ಎಲ್ಲಾ ಒಂದೇ ಸಲ ಸೊರ್ರ್ ಅಂತ ಇಳಿಯುತ್ತೆ, ಮೇಲೆ ಬರೀ ಬಣ್ಣದ ನೀರು.’ ಭಾವ ಕಾಫಿ ಬೆಳೆಯುವವರು. ಅವರ ಹೋಲಿಕೆಗಳೆಲ್ಲ ಲೋಟದಿಂದ ಆಚೆ ಹೋಗುವುದಿಲ್ಲ. ಆದರೆ ಇದು ಸರಿಯಾಗಿತ್ತು.

ಸರಿ ಅಂತ ನಾನೊಬ್ಬನೇ ಹೇಳುತ್ತಿಲ್ಲ. ಉತ್ತರ ಕನ್ನಡದಲ್ಲಿ ವಿಜ್ಞಾನಿಗಳು ಹಳೇ ಕಾಡು, ಅಕೇಶಿಯಾ ನೆಡುತೋಪು, ಬೋಳಾದ ನೆಲ ಮೂರನ್ನೂ ಅಳೆದು ನೋಡಿದ್ದಾರೆ. ಹಳೇ ಕಾಡಿನ ನೆಲದಲ್ಲಿ ನೀರು ಚೆನ್ನಾಗಿ ಇಂಗುತ್ತದೆ. ಬೋಳು ನೆಲದಲ್ಲಿ ಜೋರು ಮಳೆ ಬಂದಾಗ ಮೇಲಿಂದಲೇ ಓಡುತ್ತದೆ. ನೆಡುತೋಪು ನೋಡುವುದಕ್ಕೆ ಹಸಿರೇ, ಆದರೆ ಕೆಲಸದಲ್ಲಿ ಹಳೇ ಕಾಡಿನ ಸಮ ಅಲ್ಲ. ಬಿದ್ದ ಮಳೆಯನ್ನು ನೆಲಕ್ಕೆ ಇಳಿಸಿ, ತಿಂಗಳುಗಟ್ಟಲೆ ಹಿಡಿದಿಟ್ಟು, ಸ್ವಲ್ಪ ಸ್ವಲ್ಪವೇ ಬಿಡುವ ಕೆಲಸ ಅದು. ಅಂದರೆ ಡ್ಯಾಂ ಮಾಡುವ ಕೆಲಸವೇ.

ಈಗ ಹೂಳಿನ ಮಾತಿಗೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಭದ್ರೆ ಹುಟ್ಟುವುದು ಇದೇ ಕುದುರೆಮುಖದ ಗಂಗಾಮೂಲದಲ್ಲಿ. ತುಂಗೆಯೂ ಅಲ್ಲೇ. 1987ರಲ್ಲಿ ಇಲ್ಲಿನ ಸುಮಾರು 600 ಚದರ ಕಿಲೋಮೀಟರ್ ಕಾಡು, ಹುಲ್ಲುಗಾವಲು ಸೇರಿಸಿ ರಾಷ್ಟ್ರೀಯ ಉದ್ಯಾನ ಅಂತ ಪ್ರಕಟಿಸಿದರು. ಸಿಂಗಳೀಕ ಉಳಿಯಲಿ ಅನ್ನುವುದು ಅದರ ಹಿಂದಿದ್ದ ದೊಡ್ಡ ಕಾರಣ. ಆ ಹೊತ್ತಿಗಾಗಲೇ ಅಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯುತ್ತಿತ್ತು. ಮಳೆ ಭೋರ್ಗರೆಯುವ ಜಾಗದಲ್ಲಿ ಗುಡ್ಡದ ಚರ್ಮ ಸುಲಿದಿಟ್ಟರೆ ಏನಾಗಬೇಕೋ ಅದೇ ಆಯಿತು. ಭದ್ರೆಯ ಹೂಳನ್ನು ಅಳೆದ ವಿಜ್ಞಾನಿಗಳಿಗೆ ಕಂಡಿದ್ದು ಇದು: ಅವರು ಅಳೆದ ಜಲಾನಯನ ಪ್ರದೇಶದಲ್ಲಿ ಗಣಿಯ ಪಾಲು ಶೇ 1ಕ್ಕಿಂತ ಕಡಿಮೆ, ಹೊಳೆಯಲ್ಲಿ ಬರುವ ಹೂಳಿನಲ್ಲಿ ಅದರ ಪಾಲು ಅರ್ಧಕ್ಕಿಂತ ಜಾಸ್ತಿ. ಈ ಎರಡು ಅಂಕಿಗಳನ್ನು ನಾನು ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡಿದ್ದೇನೆ. ನೂರು ಎಕರೆಯಲ್ಲಿ ಒಂದು ಎಕರೆ ಕೆಟ್ಟರೆ ಏನಾಗುತ್ತೆ ಮಹಾ ಅಂತ ಯಾರಾದರೂ ಅಂದರೆ ತೋರಿಸುವುದಕ್ಕೆ.

ಆ ಗಣಿ ಸುಮ್ನೆ ನಿಲ್ಲಲಿಲ್ಲ. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟ್‌ವರೆಗೆ ಹೋದರು. 2002ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. 2005ರ ಕೊನೆಗೆ ಗಣಿ ಬಂದ್ ಆಯಿತು. ಆಗ ಕೆಲಸ ಕಳೆದುಕೊಂಡವರ ಕಷ್ಟ ನಿಜವಾದದ್ದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ದಾವಣಗೆರೆ, ಶಿವಮೊಗ್ಗ ಜಿಲ್ಲೆಯ ಅಚ್ಚುಕಟ್ಟಿನ ನಮ್ಮಂಥವರು ಆ ತೀರ್ಪಿನಿಂದ ನಮಗೇನು ಸಿಕ್ಕಿತು ಅಂತ ಒಂದು ದಿನವೂ ಯೋಚಿಸಲಿಲ್ಲ. ಹುಲಿ, ಕೋತಿ ಉಳಿಸೋರ ಜಗಳ ಅಂತ ಅಂದುಕೊಂಡೆವು. ನಮ್ಮ ಡ್ಯಾಮಿನ ಹೊಟ್ಟೆಗೆ ಬೀಳುವ ಮಣ್ಣನ್ನು ಯಾರೋ ಕೋರ್ಟಿಗೆ ಅಲೆದು ಕಡಿಮೆ ಮಾಡಿಸುತ್ತಿದ್ದಾರೆ ಅಂತ ಯಾರೂ ನಮಗೆ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಹೂಳು ಒಮ್ಮೆ ತುಂಬಿದರೆ ತೆಗೆಯುವುದು ಎಷ್ಟು ಕಷ್ಟ ಅನ್ನುವುದಕ್ಕೆ ಹೊಸಪೇಟೆ ನೋಡಿ. ತುಂಗಭದ್ರಾ ಡ್ಯಾಂ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಈಗ 105 ಚಿಲ್ಲರೆ. ಹತ್ತಿರ ಹತ್ತಿರ 27 ಟಿಎಂಸಿ ಜಾಗದಲ್ಲಿ ಮಣ್ಣು ಕೂತಿದೆ. ಕೊಪ್ಪಳದ ಸ್ನೇಹಿತರೊಬ್ಬರು ‘ಹೂಳೆತ್ತಿಸಿ ಅಂತ ಹೋರಾಟ ಮಾಡೋಣ’ ಅಂದಾಗ ನಾನು ಪೆನ್ನು ಹಿಡಿದು ಕೂತೆ. 27 ಟಿಎಂಸಿ ಅಂದರೆ ಸುಮಾರು 76 ಕೋಟಿ ಘನ ಮೀಟರ್. ಒಂದು ಟಿಪ್ಪರಿಗೆ 10 ಘನ ಮೀಟರ್ ಅಂತ ಹಿಡಿಯಿರಿ. ದಿನಕ್ಕೆ ಸಾವಿರ ಟಿಪ್ಪರ್, ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. 200 ವರ್ಷ ದಾಟುತ್ತದೆ! ಅಷ್ಟು ಮಣ್ಣನ್ನು ಎಲ್ಲಿ ಸುರಿಯುತ್ತೀರಿ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೇ ಅಲ್ಲಿ ಹೂಳೆತ್ತುವುದು ಬಿಟ್ಟು, ನವಲಿ ಹತ್ತಿರ ಇನ್ನೊಂದು ಜಲಾಶಯ ಕಟ್ಟುವ ಮಾತು ನಡೆಯುತ್ತಿದೆ. ಅದಕ್ಕೆ ಸಾವಿರಾರು ಕೋಟಿ. ಆ ಹೂಳೆಲ್ಲ ಕುದುರೆಮುಖದ್ದು ಅಂತ ನಾನು ಹೇಳುತ್ತಿಲ್ಲ. ಭದ್ರೆಯ ಮಣ್ಣು ಮೊದಲು ಕೂರುವುದು ಲಕ್ಕವಳ್ಳಿಯಲ್ಲಿ, ನಮ್ಮ ಡ್ಯಾಮಿನಲ್ಲೇ. ಹೊಸಪೇಟೆಯ ಗತಿ ನಮಗೂ ಬರಬಾರದು ಅನ್ನುವುದಷ್ಟೇ ನನ್ನ ಮಾತು.

ಲಕ್ಕವಳ್ಳಿ ಅಂದ ಮೇಲೆ ಇನ್ನೊಂದು ಹೇಳಬೇಕು. ಡ್ಯಾಮಿನ ಹಿನ್ನೀರು ಹರಡಿಕೊಂಡಿರುವುದೇ ಭದ್ರಾ ಅಭಯಾರಣ್ಯದ ಮಗ್ಗುಲಲ್ಲಿ. ಬಾಬಾಬುಡನ್ ಬೆಟ್ಟದ ಕಡೆಯ ನೀರನ್ನು ಸೋಮವಾಹಿನಿ ಹೊತ್ತು ತರುವುದು ಮುತ್ತೋಡಿ ಕಾಡಿನೊಳಗಿಂದ. 1998ರಲ್ಲಿ ಇದು ಹುಲಿ ಯೋಜನೆಗೆ ಸೇರಿತು. ಆಮೇಲೆ ಒಳಗಿದ್ದ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದವು. ಅವರಲ್ಲಿ ಬಹಳಷ್ಟು ಜನ ಎಂ.ಸಿ. ಹಳ್ಳಿಯಲ್ಲಿ ನೆಲೆ ನಿಂತರು. ಅವರಿಗೆ ನೀರಾವರಿ ಜಮೀನು, ಮನೆ, ರಸ್ತೆ, ಶಾಲೆ ಕೊಟ್ಟಿದ್ದರಿಂದ ಅದನ್ನು ದೇಶದಲ್ಲೇ ಚೆನ್ನಾಗಿ ಆದ ಸ್ಥಳಾಂತರ ಅಂತ ಇವತ್ತಿಗೂ ಹೇಳುತ್ತಾರೆ. ಎಲ್ಲಾ ಸರಿಯಾಗಿತ್ತು ಅಂತಲ್ಲ, ಹುಟ್ಟಿದ ಊರು ಬಿಟ್ಟವರ ನೋವನ್ನು ಯಾವ ಜಮೀನೂ ತುಂಬುವುದಿಲ್ಲ. ಆದರೆ ಮಾಡಬೇಕು ಅಂತ ಮನಸ್ಸಿದ್ದರೆ ಸರ್ಕಾರಕ್ಕೆ ಮಾಡುವುದಕ್ಕೆ ಬರುತ್ತದೆ ಅಂತ ಗೊತ್ತಾಯಿತಲ್ಲ. ಕುದುರೆಮುಖದ ಒಳಗೆ ಇವತ್ತಿಗೂ ‘ಹೊರಗೆ ಹೋಗುತ್ತೇವೆ, ಪರಿಹಾರ ಕೊಡಿ’ ಅಂತ ಕೇಳುತ್ತಾ ಕೂತಿರುವ ಮನೆಗಳಿವೆ. ಹೋಗಲೂ ಆಗದೆ, ಇದ್ದಲ್ಲಿ ರಸ್ತೆ, ಕರೆಂಟು ಸಿಗದೆ ಮಧ್ಯದಲ್ಲಿ ಸಿಕ್ಕಿಕೊಂಡವರು. ಇರಲು ಬಯಸುವವರನ್ನು ಎಬ್ಬಿಸಿ ಅಂತ ನಾನು ಹೇಳುವುದಿಲ್ಲ. ಹೋಗುತ್ತೇನೆ ಅಂದವರನ್ನು ಕಾಯಿಸಬೇಡಿ.

ಈಗ ದುಡ್ಡಿನ ಮಾತು.

ಭದ್ರಾ ಮೇಲ್ದಂಡೆ ಯೋಜನೆ ನಿಮಗೆ ಗೊತ್ತೇ ಇದೆ. ಚಿತ್ರದುರ್ಗ, ತುಮಕೂರು ಕಡೆಯ ಬರಗಾಲದ ತಾಲ್ಲೂಕುಗಳಿಗೆ 29.9 ಟಿಎಂಸಿ. ಅದರಲ್ಲಿ 17.4 ತುಂಗೆಯಿಂದ ಎತ್ತಿ ಭದ್ರೆಗೆ ತಂದು ಹಾಕುವುದು, 12.5 ಭದ್ರೆಯದ್ದೇ. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಕೊಡುತ್ತೇವೆ ಅಂದರು. ಯೋಜನೆಯ ಒಟ್ಟು ಅಂದಾಜು 21,000 ಕೋಟಿಗೂ ಮೇಲೆ. ಚಿತ್ರದುರ್ಗದವರಿಗೆ ನೀರು ಸಿಗಲಿ, ಅವರೂ ನಮ್ಮವರೇ. ನಮ್ಮ ಕಡೆ ಇದಕ್ಕೆ ಮುನಿಸಿಕೊಳ್ಳುವವರಿದ್ದಾರೆ, ನಾನು ಅವರ ಪೈಕಿ ಅಲ್ಲ. ನನ್ನ ತಕರಾರು ಬೇರೆ. ಪಂಪಿಗೆ, ಸುರಂಗಕ್ಕೆ, ಕಾಲುವೆಗೆ ಸಾವಿರಾರು ಕೋಟಿ. ಆ ನೀರು ಹುಟ್ಟುವ ಜಾಗದಲ್ಲಿ ಬೆಂಕಿ ಕಾಯುವ ಹುಡುಗನಿಗೆ ಏನು?

ನಮ್ಮ ಜೊತೆ ಗುಡ್ಡ ಹತ್ತಿದ ಹುಡುಗನನ್ನು ಕೇಳಿದೆ. ಫೆಬ್ರುವರಿಯಿಂದ ಮಳೆ ಬರುವವರೆಗೆ ದಿನಗೂಲಿ. ಬೆಂಕಿ ಬಿದ್ದರೆ ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬಡಿದು ಆರಿಸುವುದು. ಹಿಂದಿನ ಬೇಸಿಗೆಯ ಎರಡು ತಿಂಗಳ ಕೂಲಿ ಕೈಗೆ ಬಂದಾಗ ಗದ್ದೆ ನಾಟಿ ಮುಗಿದಿತ್ತಂತೆ. ಯಾವ ವಲಯ, ಯಾರ ಕೈಕೆಳಗೆ ಅಂತ ನಾನು ಬರೆಯುವುದಿಲ್ಲ. ಅವನಿಗೆ ಮುಂದಿನ ವರ್ಷವೂ ಕೆಲಸ ಬೇಕು. ‘ಬೂಟು ಕೊಡ್ತಾರಾ?’ ಅಂದೆ. ಕಾಲು ತೋರಿಸಿದ. ಹವಾಯಿ ಚಪ್ಪಲಿ.

ಭದ್ರಾ ಅಚ್ಚುಕಟ್ಟು ಒಂದು ಲಕ್ಷ ಹೆಕ್ಟೇರಿಗೂ ಮೇಲಿದೆ. ಅಷ್ಟೂ ಭೂಮಿಯ ನೀರನ್ನು ಕಾಯುತ್ತಿರುವವನ ಕಾಲಲ್ಲಿ ಹವಾಯಿ ಚಪ್ಪಲಿ.

ಹಾಗಾದರೆ ನಾನು ಕೇಳುತ್ತಿರುವುದು ಏನು? ದೊಡ್ಡದೇನಲ್ಲ. ಭದ್ರಾ ನೀರಾವರಿ ಸಲಹಾ ಸಮಿತಿಯ ಸಭೆ ವರ್ಷಕ್ಕೆ ಎರಡು ಮೂರು ಸಲ ಆಗುತ್ತದೆ. ನಾವು ಐಸಿಸಿ ಸಭೆ ಅನ್ನುತ್ತೇವೆ. ಎಂಜಿನಿಯರುಗಳು ಇರುತ್ತಾರೆ, ಶಾಸಕರು ಇರುತ್ತಾರೆ, ರೈತ ಮುಖಂಡರು ಇರುತ್ತಾರೆ. ಎಷ್ಟು ಅಡಿ ಇದೆ, ಎಷ್ಟು ದಿನ ಬಿಡುತ್ತೀರಿ ಅಂತ ಜೋರು ಮಾತಾಗುತ್ತದೆ. ಆ ಸಭೆಯಲ್ಲಿ ಕುದುರೆಮುಖ ಮತ್ತು ಭದ್ರಾ ಎರಡೂ ಕಡೆಯ ಅರಣ್ಯಾಧಿಕಾರಿಗಳಿಗೆ ಒಂದು ಕುರ್ಚಿ ಹಾಕಿಸಿ. ಅವರು ಬಂದು ಹೇಳಲಿ: ಈ ಬೇಸಿಗೆಯಲ್ಲಿ ಎಷ್ಟು ಹುಲ್ಲುಗುಡ್ಡಕ್ಕೆ ಬೆಂಕಿ ಬಿತ್ತು, ಎಲ್ಲಿ ಗುಡ್ಡ ಜರಿಯಿತು, ಯಾವ ಹಳ್ಳ ಯಾವ ತಿಂಗಳಿಗೆ ಬತ್ತಿತು. ಇಷ್ಟು ದಿನ ಡ್ಯಾಮಿನ ಅಡಿ ಕೇಳಿದ ಹಾಗೆ ಇನ್ನು ಮೇಲೆ ಇದನ್ನೂ ನಾವು ಕೇಳುತ್ತೇವೆ. ಕೊನೆ ಭಾಗದ ರೈತ ಶೋಲಾ ಬಗ್ಗೆ ಪ್ರಶ್ನೆ ಕೇಳಿದರೆ ಅಧಿಕಾರಿಗಳಿಗೂ ಸ್ವಲ್ಪ ಬಿಸಿ ಮುಟ್ಟುತ್ತದೆ. ಮೊದಲ ಸಲ ನಗಬಹುದು, ಪರವಾಗಿಲ್ಲ.

ಅದರ ಜೊತೆಗೇ, ಭದ್ರಾ ಯೋಜನೆಗಳಿಗೆ ಖರ್ಚಾಗುವ ದುಡ್ಡಿನಲ್ಲಿ ಒಂದು ಸಣ್ಣ ಪಾಲು ಪ್ರತಿ ವರ್ಷ ಮೇಲಿನ ಕಾಡಿಗೆ ಹೋಗಲಿ. ಅನುದಾನ ಅಂತ ಬೇಡ. ಡ್ಯಾಮಿನ ಗೇಟಿಗೆ ಗ್ರೀಸು ಹಚ್ಚಲು, ನಾಲೆಯ ಜಂಗಲ್ ಕಡಿಯಲು ಹೇಗೆ ‘ನಿರ್ವಹಣೆ’ ಅಂತ ಬರೆಯುತ್ತೀರೋ ಹಾಗೇ ಬರೆಯಿರಿ. ಬೆಂಕಿ ಕಾಯುವ ವಾಚರ್‌ಗಳ ಕೂಲಿ ತಿಂಗಳು ತಿಂಗಳು ಬರಲಿ. ಬೂಟು ಬರಲಿ. ಹಳ್ಳಗಳಲ್ಲಿ ನೀರಳೆಯುವ ಪಟ್ಟಿ ಬರಲಿ. ನಾವು ಕೊಡುವ ನೀರಿನ ಕರದಲ್ಲಿ ಇದಕ್ಕೆ ಎಕರೆಗೆ ಹತ್ತು ರೂಪಾಯಿ ಸೇರಿಸಿದರೂ ನನ್ನದೇನೂ ತಕರಾರಿಲ್ಲ. ಈ ಮಾತಿಗೆ ಊರಿನಲ್ಲಿ ಬೈಗುಳ ತಿನ್ನುತ್ತೇನೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಇನ್ನೊಂದು, ದಯವಿಟ್ಟು ಹುಲ್ಲುಗುಡ್ಡದಲ್ಲಿ ಗಿಡ ನೆಡಬೇಡಿ. ಪರಿಸರ ದಿನ ಬಂದರೆ ಎಲ್ಲರಿಗೂ ಗಿಡ ನೆಡುವ ಹುಮ್ಮಸ್ಸು. ಖಾಲಿ ಕಂಡಲ್ಲಿ ಗುಂಡಿ ತೋಡುತ್ತಾರೆ. ಆ ಗುಡ್ಡ ಖಾಲಿ ಇಲ್ಲ. ಅಲ್ಲಿನ ಹುಲ್ಲೇ ಅಲ್ಲಿನ ಬೆಳೆ. ಗಾಳಿ, ಮಳೆ, ತೆಳು ಮಣ್ಣು ಎಲ್ಲಕ್ಕೂ ಹೊಂದಿಕೊಂಡು ಸಾವಿರಾರು ವರ್ಷದಿಂದ ಗುಡ್ಡದ ಮಣ್ಣನ್ನು ಬೇರಿನಲ್ಲಿ ಹಿಡಿದಿಟ್ಟಿದೆ. ಹಿಂದೆ ಘಟ್ಟದ ಹುಲ್ಲುಗಾವಲುಗಳಲ್ಲಿ ಅಕೇಶಿಯಾ, ನೀಲಗಿರಿ ನೆಟ್ಟು ಈಗ ಕೀಳಲಾಗದೆ ಒದ್ದಾಡುತ್ತಿರುವ ಜಾಗಗಳಿವೆ. ಕಾಡು ಬೆಳೆಸುವುದಕ್ಕಿಂತ ಇರುವುದನ್ನು ಅದರ ಪಾಡಿಗೆ ಬಿಡುವುದು ಕಷ್ಟ. ಅದಕ್ಕೆ ಉದ್ಘಾಟನೆ ಇಲ್ಲ, ಫೋಟೋ ಇಲ್ಲ.

ಹೊಸ ರಸ್ತೆ, ರಸ್ತೆ ಅಗಲ, ಗುಡ್ಡ ಕಡಿದು ಪಾರ್ಕಿಂಗ್ ಅಂತ ಕಡತ ಬಂದಾಗ ಒಂದು ಪ್ರಶ್ನೆ ಕೇಳಿ ಅಂತಷ್ಟೇ ಹೇಳುತ್ತೇನೆ: ‘ಇದರ ಮಣ್ಣು ಎಲ್ಲಿಗೆ ಹೋಗುತ್ತೆ?’ ಶೇ 1ರ ಕಥೆ ಮೇಲೆ ಹೇಳಿದ್ದೇನೆ.

ಪಶ್ಚಿಮ ಘಟ್ಟದಲ್ಲಿ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸಿದ ಕಸ್ತೂರಿರಂಗನ್ ವರದಿಯ ಹೆಸರು ತೆಗೆದರೆ ಮಲೆನಾಡಿನಲ್ಲಿ ಏನಾಗುತ್ತದೆ ಅಂತ ನನಗೂ ಗೊತ್ತು. ಭಾವನ ಎದುರಿಗೆ ಆ ಮಾತೆತ್ತಿ ಒಂದು ಸಂಜೆ ಹಾಳು ಮಾಡಿಕೊಂಡಿದ್ದೇನೆ. ಕೇಂದ್ರದವರು ಆರು ಸಲ ಕರಡು ಹೊರಡಿಸಿದರು, ರಾಜ್ಯ ಒಪ್ಪಲಿಲ್ಲ. ಆ ಜಗಳ ಇಲ್ಲಿ ಬೇಡ. ನಾನು ಹೊಸದಾಗಿ ಒಂದು ಎಕರೆಗೂ ಬೇಲಿ ಹಾಕಿ ಅನ್ನುತ್ತಿಲ್ಲ. ಉದ್ಯಾನ, ಅಭಯಾರಣ್ಯ ಅಂತ ಆಗಲೇ ಬರೆದಿಟ್ಟಿರುವ ಜಾಗವನ್ನು ಬರೆದ ಹಾಗೆ ನೋಡಿಕೊಳ್ಳಿ ಅನ್ನುತ್ತಿದ್ದೇನೆ. ಅದರ ನೀರು ಉಣ್ಣುವವರು ನಾವು, ಅದರ ಕಟ್ಟುಪಾಡು ಅನುಭವಿಸುವವರು ಭಾವನಂಥವರು. ಆನೆ ಅವರ ತೋಟಕ್ಕೆ ನುಗ್ಗುತ್ತದೆ, ನಮ್ಮ ಗದ್ದೆಗಲ್ಲ. ಹಾಗಿದ್ದ ಮೇಲೆ ಬೆಳೆ ಪರಿಹಾರ ಬೇಗ ಕೊಡಿ ಅಂತ ಕೇಳಬೇಕಾದವರಲ್ಲಿ ನಾವೂ ಇರಬೇಕಲ್ವಾ? ಇದುವರೆಗೆ ಯಾವ ಅಚ್ಚುಕಟ್ಟಿನ ಸಭೆಯಲ್ಲೂ ನಾನು ಆ ಮಾತು ಕೇಳಿಲ್ಲ.

ಕಾಡು ಇದ್ದರೆ ಎಲ್ಲಾ ಸರಿಹೋಗುತ್ತದೆ ಅಂತ ನಾನು ನಂಬಿಲ್ಲ. 2023ರಲ್ಲಿ ಕಾಡಿದ್ದೂ ಬರ ಬಂತು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದ ಮೇಲೆ ಬಂದ ಗುಡ್ಡ ಜಾರಿದ್ದು ಕಾಡಿನ ಎತ್ತರದಿಂದಲೇ. ಆ ಪರಿ ಮಳೆ ಸುರಿದಾಗ ಯಾವ ಬೇರೂ ತಡೆಯದ ಜಾಗಗಳಿವೆ. ಮರಗಳೂ ನೀರು ಕುಡಿಯುತ್ತವೆ. ಆದರೆ ಅವು ಕುಡಿದ ನೀರೂ ಪೂರ್ತಿ ನಷ್ಟ ಅಲ್ಲ. ಪಶ್ಚಿಮ ಘಟ್ಟದ ಕಾಡು ಉಸಿರಾಡಿ ಬಿಟ್ಟ ತೇವವೇ ತಮಿಳುನಾಡಿನ ಕಡೆ ಮುಂಗಾರಿನ ಮಳೆಯಲ್ಲಿ ದೊಡ್ಡ ಪಾಲು, ಮಳೆ ಕೈಕೊಟ್ಟ ವರ್ಷ ಆ ಪಾಲು ಇನ್ನೂ ಹೆಚ್ಚುತ್ತದೆ ಅಂತ ಐಐಟಿ ಬಾಂಬೆಯವರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ.

ಮಳೆಯ ಚಾಳಿ ಬದಲಾಗಿದೆ, ನೀವು ಹೊಂದಿಕೊಳ್ಳಿ ಅಂತ ನಮಗೆ ತರಬೇತಿಗಳಲ್ಲಿ ಹೇಳುತ್ತಾರೆ. ಕಡಿಮೆ ದಿನದ ತಳಿ ಹಾಕಿ, ಕೂರಿಗೆಯಲ್ಲಿ ಭತ್ತ ಬಿತ್ತಿ, ಅಡಿಕೆ ಬೇಡ ಅಂತಾರೆ. ಕೇಳುತ್ತೇವೆ, ಕೈಲಾದಷ್ಟು ಮಾಡುತ್ತೇವೆ. ನನ್ನ ಮೂರು ಎಕರೆಯಲ್ಲಿ ನಾನು ಹೊಂದಿಕೊಳ್ಳಬಲ್ಲೆ. ಹೊಳೆ ಹೊಂದಿಕೊಳ್ಳಬೇಕಾದರೆ ಅದರ ಮೂಲ ಗಟ್ಟಿ ಇರಬೇಕು. ಅದು ನನ್ನ ಕೈಯಲ್ಲಿಲ್ಲ, ನಿಮ್ಮಿಬ್ಬರ ಸಹಿಯಲ್ಲಿದೆ.

ಮುಂದಿನ ಐಸಿಸಿ ಸಭೆಗೆ ನಾನು ಬರುತ್ತೇನೆ. ಅಕ್ಕನ ಮನೆಯಿಂದ ತಂದ ಮಣ್ಣು ನನ್ನ ಹತ್ತಿರ ಇದೆ. ಉದ್ಯಾನದ್ದಲ್ಲ, ಅಲ್ಲಿಂದ ಒಂದು ಹಿಡಿಯನ್ನೂ ತರಬಾರದು ಅಂತ ಗೊತ್ತು. ಭಾವನ ತೋಟದ ಮೇಲಿನ ಕಾಡಂಚಿನದ್ದು. ಒಂದು ಡಬ್ಬಿಯಲ್ಲಿ ಅದು, ಇನ್ನೊಂದರಲ್ಲಿ ನಮ್ಮ ನಾಲೆಯಲ್ಲಿ ಕೂತ ಕೆಂಪು ಹೂಳು, ಜೊತೆಗೆ ಒಂದು ಬಾಟಲಿ ನೀರು. ಐದು ನಿಮಿಷ ಸಮಯ ಕೊಟ್ಟರೆ ಸಾಕು. ಟೇಬಲ್ ಒದ್ದೆಯಾದರೆ ನಾನೇ ಒರೆಸಿಕೊಡುತ್ತೇನೆ.

ಇಂತಿ ನಿಮ್ಮ,
ಭದ್ರಾ ನಾಲೆಯ ಕೊನೆ ಭಾಗದ ಒಬ್ಬ ರೈತ
ಹರಿಹರ ತಾಲ್ಲೂಕು, ದಾವಣಗೆರೆ ಜಿಲ್ಲೆ